ಹಲ್ಲು ಬೆಳ್ಳಗಾಗಬೇಕೆ? ಮೊದಲು ಕಲೆಯ ಮೂಲ ತಿಳಿಯಿರಿ

ಹಲ್ಲು ಬೆಳ್ಳಗೆ ಮಾಡಿಸಬೇಕೆಂದು ಬರುವವರು ಮೊದಲು ಕೇಳುವುದು ಖರ್ಚೆಷ್ಟು ಎಂದು. ನಾನು ಮೊದಲು ಕೇಳುವುದು ಹುಟ್ಟಿ ಬೆಳೆದ ಊರು ಯಾವುದು ಎಂದು. ಪಾವಗಡವೋ, ಶಿರಾವೋ, ಮಧುಗಿರಿಯೋ? ಬಾಗೇಪಲ್ಲಿ, ಗುಡಿಬಂಡೆ ಕಡೆಯೋ? ಮುಳಬಾಗಿಲು, ಶ್ರೀನಿವಾಸಪುರದ ಕಡೆಯೋ? ಚಿಕ್ಕಂದಿನಲ್ಲಿ ಕುಡಿದದ್ದು ಯಾವ ನೀರು? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹಲ್ಲಿನ ವೈದ್ಯ ಮಾಡುವವರು ಯಾರೇ ಆದರೂ ಈ ಪ್ರಶ್ನೆ ಕೇಳದೆ ಮುಂದೆ ಹೋಗಬಾರದು, ಏಕೆಂದರೆ ಇಲ್ಲಿನ ನೀರಿನ ಫ್ಲೋರೈಡ್ ಹಲ್ಲಿನಲ್ಲಿ ಕಲೆ ಬಿಡುತ್ತದೆ. ಮನೆಯಲ್ಲೇ ಮಾಡಿಕೊಳ್ಳುವ ಬಿಳುಪು ಸಾಕೇ, ಕ್ಲಿನಿಕ್‌ನಲ್ಲಿ ಕೂರಬೇಕೇ, ಅಥವಾ ಬ್ಲೀಚಿಂಗ್ (ಜೆಲ್ ಹಚ್ಚಿ ಹಲ್ಲಿನ ಬಣ್ಣ ತಿಳಿ ಮಾಡುವುದು) ಎಂಬುದೇ ನಿಮಗೆ ಹೊಂದದ ದಾರಿಯೇ ಎಂಬುದನ್ನು ಜೇಬಿಗಿಂತ ಮೊದಲು ತೀರ್ಮಾನಿಸುವುದು ಹಲ್ಲಿನ ಮೇಲಿರುವ ಕಲೆ.

ಮೊಬೈಲ್‌ನಲ್ಲಿ ಜಾಹೀರಾತು ನೋಡಿ ಕಿಟ್ ತರಿಸಿಕೊಂಡು, ವಾರಗಟ್ಟಲೆ ಬಳಸಿ, ಬಣ್ಣವೂ ಬದಲಾಗದೆ, ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುವ ಸ್ಥಿತಿಗೆ ಬಂದ ಮೇಲೆ ಕ್ಲಿನಿಕ್‌ನ ಬಾಗಿಲು ತಟ್ಟುವ ಯುವಕ ಯುವತಿಯರನ್ನು ಕಂಡಾಗ ಸಂಕಟವಾಗುತ್ತದೆ. ಅವರಲ್ಲಿ ಹಲವರಿಗೆ ಬೇಕಾಗಿದ್ದದ್ದು ಒಂದು ಕ್ಲೀನಿಂಗ್ ಮಾತ್ರ. ಇನ್ನು ಕೆಲವರಿಗೆ ಬೇಕಾಗಿದ್ದದ್ದು ಬೇರೆಯದೇ ಚಿಕಿತ್ಸೆ. ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಇಡಬೇಕೆಂಬುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಹೆಜ್ಜೆ 1: ಹಗಲು ಬೆಳಕಿನಲ್ಲಿ ಹಲ್ಲು ನೋಡಿಕೊಳ್ಳಿ

ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಕೈಗನ್ನಡಿ ಹಿಡಿದು ಕಿಟಕಿಯ ಬಳಿ ನಿಲ್ಲಿ. ಬಚ್ಚಲುಮನೆಯ ಹಳದಿ ದೀಪದಲ್ಲಿ ಎಲ್ಲರ ಹಲ್ಲೂ ಹಳದಿಯೇ. ಮುಂದಿನ ಹಲ್ಲುಗಳನ್ನು ಶುಭ್ರವಾದ ಹತ್ತಿ ಬಟ್ಟೆಯಿಂದ ಒರೆಸಿ, ತುಟಿ ಎತ್ತಿ, ವಸಡಿನ ಅಂಚಿನಿಂದ ಹಲ್ಲಿನ ತುದಿಯವರೆಗೆ ನೋಡಿ. ಬಣ್ಣ ಎಲ್ಲಿದೆ, ಎಲ್ಲ ಹಲ್ಲುಗಳಲ್ಲೂ ಇದೆಯೇ, ಒಂದರಲ್ಲೇ ಇದೆಯೇ ಎಂಬುದೇ ಮುಖ್ಯ ಸುಳಿವು.

ಬಣ್ಣವು ವಸಡಿನ ಅಂಚಿನಲ್ಲಿ, ಹಲ್ಲಿನ ಸಂದುಗಳಲ್ಲಿ, ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಹೆಚ್ಚಾಗಿದ್ದರೆ ಅದು ಹೊರಗಿನಿಂದ ಅಂಟಿಕೊಂಡ ಕಲೆ. ಕಾಫಿ, ಟೀ, ಎಲೆ ಅಡಿಕೆ, ಕಡ್ಡಿಪುಡಿ, ಬೀಡಿ, ಗುಟ್ಕಾ ಇವುಗಳದ್ದೇ ಕೆಲಸ. ವಸಡಿನ ನೋವಿಗೆ ಕೊಟ್ಟ ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ಮುಕ್ಕಳಿಸುವ ಔಷಧವನ್ನು ಹೇಳಿದ್ದಕ್ಕಿಂತ ಹೆಚ್ಚು ದಿನ ಬಳಸಿದರೂ ಕಂದು ಕಲೆ ಬರುತ್ತದೆ. ಕಬ್ಬಿಣಾಂಶದ ಸಿರಪ್ ಕುಡಿಯುವ ಮಕ್ಕಳ ಹಲ್ಲು ಕಪ್ಪಾಗುವುದೂ ಇದೇ ಜಾತಿಗೆ ಸೇರಿದ್ದು. ಇವೆಲ್ಲ ಕ್ಲೀನಿಂಗ್‌ನಿಂದ ಹೋಗುವ ಕಲೆಗಳು.

ಅಡಿಕೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ತುಮಕೂರು ಜಿಲ್ಲೆ ಅಡಿಕೆ ಬೆಳೆಯುವ ನಾಡು. ಊಟದ ಮೇಲೆ ಎಲೆ ಅಡಿಕೆ ಹಾಕುವುದು ಇಲ್ಲಿ ಮನೆಮನೆಯ ರೂಢಿ. ಹಾಗಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ವರ್ಗೀಕರಿಸಿದೆ, ಅದರ ಜೊತೆ ಹೊಗೆಸೊಪ್ಪು ಇರಲಿ, ಇಲ್ಲದಿರಲಿ. ವರ್ಷಗಟ್ಟಲೆ ಅಗಿದವರು ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಲಿ. ಬಾಯಿ ಅಷ್ಟು ತೆರೆಯದಿದ್ದರೆ, ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಬಿಗಿಯಾಗಿದ್ದರೆ ಬಿಳುಪಿನ ಯೋಚನೆ ಬಿಟ್ಟು ಅದೇ ವಾರ ವೈದ್ಯರಿಗೆ ತೋರಿಸಿ.

ಬಣ್ಣ ಒಳಗಿನಿಂದಲೇ ಬಂದಿರುವುದು ಎರಡನೆಯ ಬಗೆ. ಹಲ್ಲಿನ ಹೊರಪದರವಾದ ಎನಾಮಲ್ ಅರೆಪಾರದರ್ಶಕ. ಅದರ ಕೆಳಗಿರುವ ಡೆಂಟಿನ್ ಪದರದ ಸಹಜ ಬಣ್ಣವೇ ಹಳದಿ. ವಯಸ್ಸಾದಂತೆ ಎನಾಮಲ್ ಸವೆದು ಒಳಗಿನ ಹಳದಿ ಹೆಚ್ಚು ಕಾಣುತ್ತದೆ. ಎಲ್ಲ ಹಲ್ಲುಗಳೂ ಒಂದೇ ಸಮನಾಗಿ ತಿಳಿಹಳದಿಯಾಗಿದ್ದರೆ ಸಂತೋಷಪಡಿ, ಬ್ಲೀಚಿಂಗ್‌ಗೆ ಚೆನ್ನಾಗಿ ಒಗ್ಗುವ ಬಣ್ಣ ಇದೇ. ಒಂದೇ ಒಂದು ಹಲ್ಲು ಬೂದು ಅಥವಾ ಕಪ್ಪಾಗಿದ್ದರೆ, ಎಂದೋ ಬಿದ್ದು ಪೆಟ್ಟಾಗಿ ಅದರ ಒಳಗಿನ ನರ ಸತ್ತಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಎಕ್ಸ್‌ರೇ ಬೇಕು, ಬಹುಶಃ ರೂಟ್ ಕೆನಾಲ್ ಬೇಕು, ಆಮೇಲೆ ಹಲ್ಲಿನ ಒಳಗಿನಿಂದಲೇ ಬಿಳುಪು ಮಾಡುತ್ತಾರೆ. ಹಲ್ಲಿಗೆ ಅಂಟಿಸುವ ಯಾವ ಬಿಳುಪಿನ ಪಟ್ಟಿ, ಯಾವ ಪೇಸ್ಟ್ ಹಚ್ಚಿದರೂ ಆ ಹಲ್ಲು ಬದಲಾಗದು. ಬಾಲ್ಯದಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ನುಂಗಿದವರಲ್ಲಿ ಅಡ್ಡಪಟ್ಟಿಯಂತೆ ಬೂದು ಕಂದು ಬಣ್ಣ ಇರುತ್ತದೆ. ಅದು ತಿಳಿಯಾಗಲು ತಿಂಗಳುಗಟ್ಟಲೆ ತಾಳ್ಮೆ ಬೇಕು.

ಮೂರನೆಯದು ನಮ್ಮ ನೆಲದ ಕಲೆ, ಫ್ಲೋರೋಸಿಸ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಜಿಲ್ಲೆಗಳ ಕೆಳಗಿರುವುದು ಗ್ರಾನೈಟ್ ಬಂಡೆ. ಅದರೊಳಗಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ಕೆರೆಗಳು ಬತ್ತಿ, ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೆ, ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರೇ ನಮ್ಮ ಕೊಡಕ್ಕೆ ಬಂತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು, ದವಡೆಯೊಳಗೆ ಹಲ್ಲು ರೂಪುಗೊಳ್ಳುತ್ತಿರುವ ವಯಸ್ಸಿನಲ್ಲಿ ಕುಡಿದರೆ ಎನಾಮಲ್ ಗಟ್ಟಿಯಾಗಿ ಕಟ್ಟಿಕೊಳ್ಳುವುದಿಲ್ಲ, ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಏಳನೆಯ ವರ್ಷದಲ್ಲಿ ಮಗುವಿನ ಮುಂದಿನ ಶಾಶ್ವತ ಹಲ್ಲು ಮೂಡಿದಾಗ ಅದರ ಮೇಲೆ ಕಾಣುವ ಸುಣ್ಣದ ಬಿಳಿ, ಎರಡು ಮೂರು ವರ್ಷದ ಮಗುವಾಗಿದ್ದಾಗ ಕುಡಿದ ನೀರಿನ ಗುರುತು. ಆಮೇಲೆ ಆ ರಂಧ್ರಗಳಿಗೆ ಊಟ, ಪಾನೀಯಗಳ ಬಣ್ಣ ಇಳಿದು ಕ್ರಮೇಣ ಕಂದಾಗುತ್ತದೆ. ತೀರಾ ಹೆಚ್ಚಾದರೆ ಹಲ್ಲಿನ ಮೇಲೆ ಗುಳಿಗಳೇ ಬೀಳುತ್ತವೆ.

ಗುರುತಿಸುವುದು ಹೇಗೆ? ಎಡಗಡೆಯ ಹಲ್ಲಿನಲ್ಲಿ ಇದ್ದಂತೆಯೇ ಬಲಗಡೆಯ ಜೊತೆ ಹಲ್ಲಿನಲ್ಲೂ ಕಲೆ ಇರುತ್ತದೆ. ಅಡ್ಡಡ್ಡವಾಗಿ ತೆಳು ಬಿಳಿ ಗೆರೆಗಳು, ಮೋಡ ಕವಿದಂಥ ಬಿಳಿ ಮಚ್ಚೆಗಳು, ಮಧ್ಯೆ ಜೇನುಬಣ್ಣದ ಅಥವಾ ಕಂದು ತೇಪೆಗಳು ಕಾಣುತ್ತವೆ. ಬಟ್ಟೆಯಿಂದ ಒರೆಸಿ ಹಲ್ಲು ಒಣಗಿಸಿದಾಗ ಬಿಳಿ ಇನ್ನೂ ಎದ್ದು ಕಾಣುತ್ತದೆ. ಅದೇ ಊರಿನ ಅಕ್ಕ, ತಮ್ಮ, ಪಕ್ಕದ ಮನೆಯವರ ಹಲ್ಲಿನಲ್ಲೂ ಇದೇ ಗುರುತು ಇರುತ್ತದೆ. ಈ ಕಲೆ ಇರುವವರು ಹಲ್ಲುಜ್ಜದ ಸೋಮಾರಿಗಳಲ್ಲ. ಕಾಲೇಜಿಗೆ ಹೋಗುವ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ನೋಡಿ ನೋಡಿ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಅದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ.

ಫ್ಲೋರೋಸಿಸ್ ಇರುವವರು ಅಂಗಡಿಯ ಬಿಳುಪಿನ ಕಿಟ್ ಬಳಸಿದರೆ ಏನಾಗುತ್ತದೆಂದರೆ, ಬಿಳಿ ಮಚ್ಚೆಗಳು ಮೊದಲಿಗಿಂತ ಬೆಳ್ಳಗಾಗಿ ಹಲ್ಲು ಇನ್ನಷ್ಟು ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಹಾಗಾಗಿ ಕನ್ನಡಿಯಲ್ಲಿ ಇಂಥ ಗುರುತು ಕಂಡವರು ಮನೆಯ ಪ್ರಯೋಗಗಳನ್ನೆಲ್ಲ ಬದಿಗಿಟ್ಟು ನೇರವಾಗಿ ವೈದ್ಯರ ಬಳಿಗೆ ಹೋಗಿ. ಅವರಿಗೆ ಇರುವ ದಾರಿಯನ್ನು ಮುಂದೆ ಬೇರೆಯಾಗಿಯೇ ಹೇಳಿದ್ದೇನೆ.

ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ನಿಮ್ಮ ಹಲ್ಲಿನ ಚಿಂತೆಗಿಂತ ಮೊದಲು ಅವರ ನೀರಿನ ಚಿಂತೆ ಮಾಡಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಸುಸ್ಥಿತಿಯಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಅಥವಾ ಶುಚಿಯಾಗಿ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಘಟಕದ ನೀರು ಬರೀ ಕುಡಿಯುವುದಕ್ಕೆ, ಅಡುಗೆಗೆ ಮಾತ್ರ ನಲ್ಲಿ ನೀರು ಎಂಬ ರೂಢಿ ಎಷ್ಟೋ ಮನೆಗಳಲ್ಲಿದೆ. ಸಾರು, ಮುದ್ದೆ, ಅನ್ನ, ಹಾಲಿಗೆ ಬೆರೆಸುವ ನೀರು ಎಲ್ಲವೂ ಮಗುವಿನ ಹೊಟ್ಟೆಗೇ ಹೋಗುವುದರಿಂದ ಅದಕ್ಕೂ ಘಟಕದ ನೀರನ್ನೇ ಬಳಸಿ. ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಜಿಲ್ಲಾ ಮಟ್ಟದಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯ ಇದೆ. ಮೂರು ವರ್ಷದೊಳಗಿನ ಮಗುವಿನ ಬ್ರಷ್‌ಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು. ನುಂಗದಂತೆ ಪಕ್ಕದಲ್ಲಿ ನಿಂತು ಉಗುಳಿಸಿ.

ಹೆಜ್ಜೆ 2: ಕ್ಲೀನಿಂಗ್ ಮಾಡಿಸಿ, ಆಮೇಲೆ ಮತ್ತೆ ಕನ್ನಡಿ ನೋಡಿ

ಗಾರೆ (ಹಲ್ಲಿಗೆ ಅಂಟಿ ಕಲ್ಲಿನಂತೆ ಗಟ್ಟಿಯಾದ ಕೊಳೆ) ಕಟ್ಟಿದ ಹಲ್ಲಿನ ಮೇಲೆ ಬ್ಲೀಚಿಂಗ್ ಮಾಡುವುದು ಧೂಳು ಕೊಡವದ ಗೋಡೆಗೆ ಸುಣ್ಣ ಬಳಿದಂತೆ. ಆದರೂ ಕ್ಲೀನಿಂಗ್ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ಭಯ. ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿಯೊಬ್ಬರು ಕೇಳಿದ್ದು ನೆನಪಿದೆ.

“ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದಂತಲ್ಲ ಡಾಕ್ಟರೇ? ನಮ್ಮ ಬೀಗರಿಗೆ ಹಾಗೇ ಆಯಿತಂತೆ.”

“ಅವರ ಹಲ್ಲು ಮೊದಲೇ ಅಲ್ಲಾಡುತ್ತಿತ್ತು ಅಜ್ಜಿ. ಗಾರೆ ಅದನ್ನು ಹಿಡಿದುಕೊಂಡು ಕೂತಿತ್ತು. ಗಾರೆ ತೆಗೆದಾಗ ಗೊತ್ತಾಯಿತು, ಅಷ್ಟೇ. ಆ ಗಾರೆಯೇ ಅಲ್ಲವೇ ವಸಡು ತಿಂದದ್ದು?”

ಅಲ್ಟ್ರಾಸಾನಿಕ್ ಯಂತ್ರದ ತುದಿ ಕಂಪಿಸಿ ಗಾರೆಯನ್ನು ಸಡಿಲಿಸುತ್ತದೆ, ಜೊತೆಗೆ ನೀರು ಚಿಮ್ಮುತ್ತದೆ. ಸರಿಯಾಗಿ ಮಾಡಿದರೆ ಎನಾಮಲ್‌ಗೆ ಹಾನಿಯಾಗದು. ಒಂದೆರಡು ದಿನ ಹಲ್ಲು ಜುಮ್ಮೆನ್ನಬಹುದು, ಸಂದುಗಳು ಅಗಲವಾದಂತೆ ಅನಿಸಬಹುದು. ಗಾರೆ ತುಂಬಿದ್ದ ಜಾಗ ಖಾಲಿಯಾದದ್ದರಿಂದ ಹಾಗೆ ಅನಿಸುತ್ತದೆ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ, ತುಮಕೂರಿನ ಅಗಳಕೋಟೆಯ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜು ಮತ್ತು ಕೆಜಿಎಫ್‌ನ ದಂತ ವೈದ್ಯಕೀಯ ಕಾಲೇಜಿನಂಥ ಕಡೆಗಳಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಸಾಮಾನ್ಯವಾಗಿ ಕಡಿಮೆ ಖರ್ಚಿಗೆ ಇದು ಆಗುತ್ತದೆ. ಚಿಕ್ಕಬಳ್ಳಾಪುರದವರಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ದಂತ ಕಾಲೇಜೂ ದೂರವಲ್ಲ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಕೆಲಸ ಮಾಡುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಎಚ್ಚರದಿಂದ ಮಾಡುತ್ತಾರೆ.

ಕ್ಲೀನಿಂಗ್ ಆಗಿ ಒಂದು ವಾರ ಬಿಟ್ಟು ಮತ್ತೆ ಕಿಟಕಿಯ ಬಳಿ ನಿಂತು ನೋಡಿ. ತೃಪ್ತಿಯಾದರೆ ಅಲ್ಲಿಗೇ ನಿಲ್ಲಿಸಿ. ಇನ್ನೂ ಹಣ ಖರ್ಚು ಮಾಡುವ ಅಗತ್ಯವೇ ಇಲ್ಲ.

ಹೆಜ್ಜೆ 3: ನಿಮಗೆ ಬ್ಲೀಚಿಂಗ್ ಆಗುತ್ತದೆಯೇ ಎಂದು ಕೇಳಿಕೊಳ್ಳಿ

ಹುಳುಕು ಹಲ್ಲು ಇದ್ದರೆ ಮೊದಲು ತುಂಬಿಸಿ. ರಂಧ್ರದ ಮೂಲಕ ಜೆಲ್ ಒಳಗೆ ಇಳಿದರೆ ತಡೆಯಲಾಗದ ನೋವು. ವಸಡಿನಿಂದ ರಕ್ತ ಬರುತ್ತಿದ್ದರೆ ಅದು ವಾಸಿಯಾಗಲಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮುಂದೂಡಿ. ಶಾಲೆಗೆ ಹೋಗುವ ಮಕ್ಕಳಿಗೆ ಬೇಡವೇ ಬೇಡ. ಯುರೋಪಿಯನ್ ಒಕ್ಕೂಟದಲ್ಲಿ ಶೇ 0.1ಕ್ಕಿಂತ ಹೆಚ್ಚು ಹೈಡ್ರೋಜನ್ ಪೆರಾಕ್ಸೈಡ್ (ಬಣ್ಣ ಕಳೆಯುವ ರಾಸಾಯನಿಕ) ಇರುವ ಬಿಳುಪಿನ ವಸ್ತುಗಳನ್ನು ಹದಿನೆಂಟು ತುಂಬದವರ ಮೇಲೆ ಬಳಸುವಂತಿಲ್ಲ ಎಂಬ ನಿಯಮವೇ ಇದೆ.

ಮುಂದಿನ ಹಲ್ಲಿಗೆ ಕ್ಯಾಪ್ ಅಥವಾ ಸಿಮೆಂಟ್ ಹಾಕಿಸಿಕೊಂಡವರು ಒಂದು ವಿಷಯ ಮನಸ್ಸಿನಲ್ಲಿಡಿ. ಜೆಲ್ ಬಿಳುಪು ಮಾಡುವುದು ಸಹಜ ಹಲ್ಲನ್ನು ಮಾತ್ರ. ಕ್ಯಾಪ್ ಇದ್ದ ಬಣ್ಣದಲ್ಲೇ ಉಳಿದು, ಸುತ್ತಲಿನ ಹಲ್ಲು ಬೆಳ್ಳಗಾಗಿ, ಮೊದಲು ಯಾರಿಗೂ ಕಾಣದಿದ್ದ ಕ್ಯಾಪ್ ಎದ್ದು ಕಾಣತೊಡಗುತ್ತದೆ. ಅದನ್ನು ಬದಲಿಸುವುದಾದರೆ ಬ್ಲೀಚಿಂಗ್ ಆಗಿ ಕನಿಷ್ಠ ಎರಡು ವಾರ ಕಳೆಯಲಿ, ಬಣ್ಣವೂ ನಿಲ್ಲುತ್ತದೆ, ಹೊಸ ಸಿಮೆಂಟೂ ಗಟ್ಟಿಯಾಗಿ ಅಂಟುತ್ತದೆ.

ಹೆಜ್ಜೆ 4: ಮನೆಯ ದಾರಿಗಳನ್ನು ಬೇರ್ಪಡಿಸಿ ನೋಡಿ

ಮನೆಯ ದಾರಿ ಎಂದಾಗ ಜನ ಒಂದೇ ಉಸಿರಿನಲ್ಲಿ ನಿಂಬೆಹಣ್ಣನ್ನೂ ವೈದ್ಯರು ಕೊಡುವ ಟ್ರೇಯನ್ನೂ ಹೇಳುತ್ತಾರೆ. ಎರಡಕ್ಕೂ ಅಜಗಜಾಂತರ.

ನಿಂಬೆರಸ, ಹುಣಸೆಹಣ್ಣು, ವಿನೆಗರ್ ಹಚ್ಚಿ ಉಜ್ಜುವುದನ್ನು ಇಂದೇ ಬಿಡಿ. ಬಾಯಿಯಲ್ಲಿ ಪಿಎಚ್ (ಆಮ್ಲತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಆರಂಭಿಸುತ್ತದೆ, ನಿಂಬೆರಸದ ಪಿಎಚ್ ಎರಡರ ಆಸುಪಾಸು. ಹಚ್ಚಿದ ದಿನ ಹಲ್ಲು ಹೊಳೆದಂತೆ ಕಂಡರೂ ಎನಾಮಲ್ ತೆಳುವಾಗುತ್ತಾ ಹೋದಂತೆ ಒಳಗಿನ ಹಳದಿಯೇ ಹೊರಬರುತ್ತದೆ. ಕರಗಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಶ್ರೀನಿವಾಸಪುರದ ಮಾವಿನ ಕಾಲದಲ್ಲಿ ಉಪ್ಪು ಖಾರ ಹಚ್ಚಿ ಮಾವಿನಕಾಯಿ ತಿಂದ ಮೇಲೂ ಇದೇ ಎಚ್ಚರ ಇರಲಿ: ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಬ್ರಷ್ ಮಾಡಿ.

ಇದ್ದಿಲು, ಬೂದಿ, ಇಟ್ಟಿಗೆಪುಡಿ, ಒರಟಾದ ಕೆಂಪು ಹಲ್ಲುಪುಡಿ ಇವು ಕಲೆಯ ಜೊತೆಗೆ ಹಲ್ಲನ್ನೂ ಉಜ್ಜಿ ತೆಗೆಯುತ್ತವೆ. ಆಕರ್ಷಕ ಡಬ್ಬಿಯಲ್ಲಿ ಬರುವ ಚಾರ್ಕೋಲ್ ಪೇಸ್ಟ್ ಹಲ್ಲನ್ನು ಬಿಳುಪು ಮಾಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಬೇವಿನ ಕಡ್ಡಿ, ಹೊಂಗೆ ಕಡ್ಡಿಯನ್ನು ಮೃದುವಾಗಿ ಜಗಿದು, ನವಿರಾದ ತುದಿಯಿಂದ ಮೇಲೆ ಕೆಳಗೆ ಉಜ್ಜುವವರಿಗೆ ಬೇಡವೆನ್ನುವುದಿಲ್ಲ, ಆದರೆ ಅದು ಶುಚಿಗೆ ಮಾತ್ರ, ಬಿಳುಪಿಗಲ್ಲ. ಬಿಳುಪಿನ ಟೂತ್‌ಪೇಸ್ಟ್‌ಗಳು ಮೇಲ್ಪದರದ ಕಾಫಿ, ಟೀ ಕಲೆಯನ್ನು ಸ್ವಲ್ಪ ತೆಗೆಯುತ್ತವೆ. ಕೆಲವು ನೀಲಿ ಬಣ್ಣದ ಲೇಪದಿಂದ ಹಳದಿಯನ್ನು ಕಣ್ಣಿಗೆ ಮರೆಸುತ್ತವೆ. ಒಳಗಿನ ಬಣ್ಣ ಅವುಗಳಿಗೆ ಎಟುಕುವುದಿಲ್ಲ.

ಆನ್‌ಲೈನ್‌ನಲ್ಲಿ ಸಿಗುವ ಪಟ್ಟಿಗಳು ಮತ್ತು ನೀಲಿ ದೀಪದ ಕಿಟ್‌ಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಪೆರಾಕ್ಸೈಡ್ ಇರುವ ನಂಬಿಗಸ್ತ ಪಟ್ಟಿಗಳಿಂದ ತಿಳಿಹಳದಿ ಹಲ್ಲು ಒಂದಿಷ್ಟು ಬೆಳ್ಳಗಾಗುವುದು ನಿಜ. ಆದರೆ ಪೊಟ್ಟಣದ ಮೇಲೆ ಯಾವ ರಾಸಾಯನಿಕ ಶೇಕಡಾ ಎಷ್ಟಿದೆ ಎಂದು ಬರೆಯದ ಸರಕನ್ನು ಬಾಯಿಗೆ ಹಾಕಿಕೊಳ್ಳಬೇಡಿ. ಪಟ್ಟಿ ಮುಂದಿನ ಹಲ್ಲುಗಳಿಗಷ್ಟೇ ತಲುಪುತ್ತದೆ, ವಕ್ರ ಹಲ್ಲುಗಳ ಸಂದಿಗೆ ಕೂರುವುದಿಲ್ಲ, ಜಾರಿ ವಸಡಿಗೆ ತಾಗುತ್ತದೆ. ಕಿಟ್‌ನ ಪುಟ್ಟ ದೀಪದಿಂದ ಹೆಚ್ಚಿನ ಪ್ರಯೋಜನ ನಿರೀಕ್ಷಿಸಬೇಡಿ.

ಇನ್ನು ವೈದ್ಯರು ಅಳತೆ ತೆಗೆದು ಕೊಡುವ ಟ್ರೇ. 1989ರಲ್ಲಿ ಅಮೆರಿಕದ ಹೇವುಡ್ ಮತ್ತು ಹೇಮನ್ ಎಂಬ ದಂತವೈದ್ಯರು ಈ ವಿಧಾನವನ್ನು ಪ್ರಕಟಿಸಿದರು, ಅಂದಿನಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನಿಮ್ಮ ಹಲ್ಲಿನ ಅಚ್ಚು ತೆಗೆದು, ತೆಳುವಾದ ಪಾರದರ್ಶಕ ಟ್ರೇ ಮಾಡಿ, ಶೇ 10ರಿಂದ 16ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಇರುವ ಸಿರಿಂಜ್ ಕೊಡುತ್ತಾರೆ. ಶೇ 10ರ ಜೆಲ್ ಎಂದರೆ ಸುಮಾರು ಶೇ 3.5ರ ಹೈಡ್ರೋಜನ್ ಪೆರಾಕ್ಸೈಡ್‌ಗೆ ಸಮ. ರಾತ್ರಿ ಹಲ್ಲುಜ್ಜಿದ ಮೇಲೆ ಟ್ರೇಯ ಒಳಗೆ, ಪ್ರತಿ ಹಲ್ಲಿನ ಮುಂಭಾಗ ಬರುವ ಕಡೆ ಒಂದೊಂದು ಅಕ್ಕಿಕಾಳಿನಷ್ಟು ಜೆಲ್ ಇಟ್ಟು, ಟ್ರೇಯನ್ನು ಮೆಲ್ಲನೆ ಒತ್ತಿ ಕೂರಿಸಿ, ಅಂಚಿನಲ್ಲಿ ಹೊರಬಂದ ಜೆಲ್ಲನ್ನು ಹತ್ತಿಯಿಂದ ಒರೆಸಬೇಕು. ವೈದ್ಯರು ಹೇಳಿದಂತೆ ಎರಡರಿಂದ ನಾಲ್ಕು ಗಂಟೆ ಅಥವಾ ರಾತ್ರಿಯಿಡೀ ಹಾಕಿಕೊಳ್ಳಬೇಕು. ಎರಡು ವಾರದಲ್ಲಿ ಬದಲಾವಣೆ ಚೆನ್ನಾಗಿ ಕಾಣುತ್ತದೆ, ಹಠಮಾರಿ ಬಣ್ಣಕ್ಕೆ ನಾಲ್ಕು ವಾರ ಬೇಕಾಗಬಹುದು. ಜೆಲ್ ಹೆಚ್ಚು ಹಾಕಿದರೆ ಬಿಳುಪು ಬೇಗ ಬರುತ್ತದೆಂಬುದು ಸುಳ್ಳು, ವಸಡು ಮಾತ್ರ ಉರಿಯುತ್ತದೆ.

ಹೆಜ್ಜೆ 5: ಕ್ಲಿನಿಕ್‌ನಲ್ಲಿ ಏನಾಗುತ್ತದೆಂದು ತಿಳಿದುಕೊಂಡು ಹೋಗಿ

ಒಳ್ಳೆಯ ವೈದ್ಯರು ಮೊದಲು ಬಣ್ಣದ ಮಾದರಿ ಹಲ್ಲುಗಳ ಪಟ್ಟಿ ಹೊರತೆಗೆಯುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಪಟ್ಟಿಯಲ್ಲಿ ಹದಿನಾರು ಮಾದರಿಗಳಿವೆ. ನಿಮ್ಮನ್ನು ಕಿಟಕಿಯ ಕಡೆ ತಿರುಗಿಸಿ, ತುಟಿಯ ಬಣ್ಣ ಒರೆಸಿ, ಹಲ್ಲನ್ನು ಒದ್ದೆಯಾಗಿಟ್ಟು, ಒಂದೊಂದೇ ಮಾದರಿಯನ್ನು ಮುಂದಿನ ಹಲ್ಲಿನ ಪಕ್ಕ ಹಿಡಿದು ಹೋಲಿಸುತ್ತಾರೆ. ಹೊಂದಿದ ಮಾದರಿಯ ಸಂಖ್ಯೆ ಬರೆದುಕೊಂಡು ಫೋಟೊ ತೆಗೆಯುತ್ತಾರೆ. ಆ ಫೋಟೊ ನಿಮ್ಮ ಮೊಬೈಲ್‌ಗೂ ಕಳುಹಿಸಲು ಹೇಳಿ. ಎರಡು ವಾರದ ನಂತರ ನಿಮ್ಮ ಹಳೆಯ ಬಣ್ಣ ನಿಮಗೇ ಮರೆತಿರುತ್ತದೆ.

ಆಮೇಲೆ ಕೆನ್ನೆ ಸರಿಸುವ ಸಾಧನ ಹಾಕಿ, ವಸಡಿನ ಮೇಲೆ ಗಟ್ಟಿಯಾಗುವ ರಕ್ಷಣಾ ಲೇಪ ಹಚ್ಚಿ, ಶೇ 25ರಿಂದ 40ರ ತೀಕ್ಷ್ಣ ಹೈಡ್ರೋಜನ್ ಪೆರಾಕ್ಸೈಡ್ ಜೆಲ್ ಹಚ್ಚುತ್ತಾರೆ. ಹದಿನೈದು ಇಪ್ಪತ್ತು ನಿಮಿಷದ ಎರಡು ಮೂರು ಸುತ್ತುಗಳಿರುತ್ತವೆ, ಒಟ್ಟು ಒಂದರಿಂದ ಒಂದೂವರೆ ಗಂಟೆ. ಜೆಲ್ ಸೋರಿ ವಸಡಿಗೆ ತಾಗಿದರೆ ಬೆಳ್ಳಗೆ ಸುಟ್ಟ ಗುರುತು ಬರುತ್ತದೆ. ಉರಿ ಅನಿಸಿದ ತಕ್ಷಣ ಕೈ ಎತ್ತಿ ಹೇಳಿ, ಸಂಕೋಚ ಬೇಡ. ಇದೇ ಕಾರಣಕ್ಕೆ ಬ್ಯೂಟಿ ಪಾರ್ಲರ್‌ನಲ್ಲಿ, ಮದುವೆ ಅಲಂಕಾರದ ಪ್ಯಾಕೇಜ್‌ನಲ್ಲಿ ಹಲ್ಲಿನ ಬಿಳುಪು ಮಾಡಿಸಿಕೊಳ್ಳುವುದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಕಾನೂನಿನ ಪ್ರಕಾರ ಹಲ್ಲಿನ ಚಿಕಿತ್ಸೆ ನೋಂದಾಯಿತ ದಂತವೈದ್ಯರ ಕೆಲಸ. ಗೋಡೆಯ ಮೇಲೆ ಬಿಡಿಎಸ್ ಅಥವಾ ಎಂಡಿಎಸ್ ಪದವಿ ಮತ್ತು ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ನೋಡಿ.

ಲೇಸರ್, ವಿಶೇಷ ದೀಪ ಎಂದು ಹೆಚ್ಚು ಹಣ ಕೇಳಿದರೆ ಯೋಚಿಸಿ. ಬಣ್ಣ ಬದಲಿಸುವುದು ಜೆಲ್. ದೀಪದಿಂದ ಬಿಳುಪು ಹೆಚ್ಚು ಕಾಲ ಉಳಿಯುತ್ತದೆಂದು ಸಂಶೋಧನೆಗಳು ತೋರಿಸಿಲ್ಲ, ಅದರ ಶಾಖಕ್ಕೆ ಜುಮ್ಮೆನ್ನುವುದು ಹೆಚ್ಚಾಗಬಹುದು. ಮತ್ತೊಂದು ಮಾತು: ಕುರ್ಚಿಯಿಂದ ಎದ್ದಾಗ ಕಾಣುವ ಬಿಳುಪಿನಲ್ಲಿ ಒಂದು ಪಾಲು ಹಲ್ಲು ಒಣಗಿದ್ದರಿಂದ ಬಂದದ್ದು. ಕೆಲವು ದಿನಗಳಲ್ಲಿ ಎಂಜಲು ಹೀರಿಕೊಂಡು ಅದು ಸ್ವಲ್ಪ ಇಳಿಯುತ್ತದೆ. ಮೋಸವಾಯಿತೆಂದು ಗಾಬರಿಪಡಬೇಡಿ, ಎರಡು ವಾರದ ನಂತರ ನಿಂತ ಬಣ್ಣವೇ ನಿಜವಾದ ಫಲಿತಾಂಶ.

ಹೆಜ್ಜೆ 6: ಈಗ ಆರಿಸಿ

ವೈದ್ಯರು ಕೊಡುವ ಟ್ರೇ ಇರಲಿ, ಕ್ಲಿನಿಕ್‌ನ ಬ್ಲೀಚಿಂಗ್ ಇರಲಿ, ಕೊನೆಗೆ ಸಿಗುವ ಬಿಳುಪು ಬಹುಮಟ್ಟಿಗೆ ಒಂದೇ. ವ್ಯತ್ಯಾಸವಿರುವುದು ಸಮಯ, ಖರ್ಚು ಮತ್ತು ಜುಮ್ಮೆನ್ನುವುದರಲ್ಲಿ. ಮುಂದೆ ತಿಂಗಳು ಎರಡು ತಿಂಗಳು ಸಮಯವಿದ್ದು, ರಾತ್ರಿ ತಪ್ಪದೆ ಟ್ರೇ ಹಾಕಿಕೊಳ್ಳುವ ಶಿಸ್ತು ಇದ್ದರೆ ವೈದ್ಯರು ಕೊಡುವ ಟ್ರೇಯನ್ನೇ ಆರಿಸಿ. ನನ್ನ ಮನೆಯವರಿಗೂ ನಾನು ಹೇಳುವುದು ಅದನ್ನೇ. ಜೆಲ್ ಸೌಮ್ಯ, ಜುಮ್ಮೆಂದರೆ ಒಂದು ದಿನ ಬಿಡುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲೇ ಇರುತ್ತದೆ, ಟ್ರೇ ವರ್ಷಗಟ್ಟಲೆ ಬರುತ್ತದೆ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಬಾಯಿಯಲ್ಲಿ ಟ್ರೇ ಇದ್ದರೆ ವಾಕರಿಕೆ ಬರುವವರು, ಪಾಳಿ ಕೆಲಸದಿಂದ ರಾತ್ರಿಯ ಕ್ರಮವೇ ಇಲ್ಲದವರು, ಬೇಗ ಮುಗಿಯಬೇಕೆನ್ನುವವರು ಕ್ಲಿನಿಕ್ ಆರಿಸಿ. ತೀಕ್ಷ್ಣ ಜೆಲ್‌ಗೆ ಹಲ್ಲು ಹೆಚ್ಚು ಜುಮ್ಮೆನ್ನುತ್ತದೆ ಎಂಬುದಕ್ಕೆ ಸಿದ್ಧರಾಗಿರಿ. ಒಂದು ಸಲಕ್ಕೆ ಸಾಲದೆ ಎರಡನೆಯ ಸಲ ಕೂರಬೇಕಾಗಲೂಬಹುದು, ಅದು ಹೇಳಿದ ದರದಲ್ಲಿ ಸೇರಿದೆಯೇ ಎಂದು ಮೊದಲೇ ಬರೆಸಿಕೊಳ್ಳಿ.

ಮದುವೆಗಾಗಿ ಮಾಡಿಸುವವರು ದಿನ ಗೊತ್ತಾದ ಕೂಡಲೇ ಬನ್ನಿ. ಎರಡು ತಿಂಗಳ ಮುಂಚೆ ಪರೀಕ್ಷೆ ಮತ್ತು ಕ್ಲೀನಿಂಗ್, ಆಮೇಲೆ ಹುಳುಕು ತುಂಬಿಸುವುದು, ಮುಂದಿನ ಎರಡರಿಂದ ನಾಲ್ಕು ವಾರ ಟ್ರೇ, ಕೊನೆಯ ಎರಡು ವಾರ ಬಣ್ಣ ನಿಲ್ಲಲು. ಚಪ್ಪರದ ಹಿಂದಿನ ದಿನ ಓಡಿ ಬಂದು ಬ್ಲೀಚಿಂಗ್ ಮಾಡಿಸಿಕೊಂಡರೆ ಧಾರೆಯ ದಿನ ತಣ್ಣನೆಯ ಪಾನಕ ಕುಡಿಯಲೂ ಆಗದೆ ಒದ್ದಾಡಬೇಕಾಗುತ್ತದೆ.

ಫ್ಲೋರೋಸಿಸ್ ಇರುವವರ ಆಯ್ಕೆ ಬೇರೆ. ತೆಳು ಬಿಳಿ ಗೆರೆಗಳಷ್ಟೇ ಇದ್ದರೆ, ವೈದ್ಯರ ಉಸ್ತುವಾರಿಯಲ್ಲಿ ಟ್ರೇ ಬಳಸಿ ಸುತ್ತಲಿನ ಬಣ್ಣ ಎತ್ತಿದಾಗ ಮಚ್ಚೆ ಅದರೊಳಗೆ ಬೆರೆತು ಹೋಗಬಹುದು. ಮೊದಲ ಕೆಲವು ದಿನ ಚುಕ್ಕೆ ಹೆಚ್ಚಾದಂತೆ ಕಾಣುತ್ತದೆ, ತಾಳಬೇಕು. ಮೇಲ್ಪದರದ ಕಂದು ಕಲೆಗೆ ಮೈಕ್ರೋಅಬ್ರೇಷನ್ ಎಂಬ ಚಿಕಿತ್ಸೆ ಇದೆ. ಆಮ್ಲ ಮತ್ತು ನವಿರಾದ ಪುಡಿ ಬೆರೆತ ಲೇಪದಿಂದ ಎನಾಮಲ್‌ನ ಅತಿ ತೆಳುವಾದ ಪದರವನ್ನು ವೈದ್ಯರು ಉಜ್ಜಿ ತೆಗೆಯುತ್ತಾರೆ, ನಂತರ ಬ್ಲೀಚಿಂಗ್ ಮಾಡುತ್ತಾರೆ. ಇವೆರಡೂ ಸೇರಿದಾಗ ನಮ್ಮ ಕಡೆಯ ಎಷ್ಟೋ ಹಲ್ಲುಗಳು ಚೆನ್ನಾಗಿ ತಿಳಿಯಾಗುತ್ತವೆ. ಬಿಳಿ ಮಚ್ಚೆಯ ರಂಧ್ರಗಳಿಗೆ ರಾಳ ಇಳಿಸಿ ಮರೆಮಾಡುವ ವಿಧಾನವೂ ಇದೆ. ಗುಳಿ ಬಿದ್ದ ಹಲ್ಲಿಗೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಸಿಮೆಂಟ್) ಲೇಪ ಅಥವಾ ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಬೇಕು. ವೆನೀರ್‌ಗಾಗಿ ಹಲ್ಲನ್ನು ಕೆರೆದರೆ ಅದು ಮತ್ತೆ ಬರುವುದಿಲ್ಲ, ಆದ್ದರಿಂದ ಇಪ್ಪತ್ತರ ಹರೆಯದವರಿಗೆ ಮೊದಲ ಮಾತಿಗೇ ವೆನೀರ್ ಹೇಳಿದರೆ ಇನ್ನೊಬ್ಬ ವೈದ್ಯರನ್ನೂ ಕೇಳಿ. ಈ ಚಿಕಿತ್ಸೆಗಳಿಗೆ ದಂತ ಕಾಲೇಜಿನ ಕನ್ಸರ್ವೇಟಿವ್ ವಿಭಾಗ (ಹಲ್ಲನ್ನು ಕೀಳದೆ ಉಳಿಸಿ ಸರಿಪಡಿಸುವ ವಿಭಾಗ) ಸರಿಯಾದ ಜಾಗ. ಹುಟ್ಟೂರಿನ ಹೆಸರು, ಚಿಕ್ಕಂದಿನ ನೀರಿನ ಮೂಲ ಹೇಳಲು ಮರೆಯಬೇಡಿ.

ಹೆಜ್ಜೆ 7: ಚಿಕಿತ್ಸೆಯ ದಿನಗಳಲ್ಲಿ ಮತ್ತು ಆಮೇಲೆ

ಹಲ್ಲು ಜುಮ್ಮೆನ್ನುವುದು ಸಾಮಾನ್ಯ, ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ಹೋಗುತ್ತದೆ. ಪೊಟ್ಯಾಸಿಯಮ್ ನೈಟ್ರೇಟ್ ಇರುವ ಪೇಸ್ಟ್‌ನಿಂದ ಚಿಕಿತ್ಸೆಗೆ ಎರಡು ವಾರ ಮೊದಲಿನಿಂದಲೇ ಹಲ್ಲುಜ್ಜುತ್ತಾ ಬಂದರೆ ಬಹಳ ಅನುಕೂಲ. ಒಂದೇ ಹಲ್ಲು ಬಿಟ್ಟೂ ಬಿಡದೆ ನೋಯುತ್ತಿದ್ದರೆ ಜೆಲ್ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಬ್ಲೀಚಿಂಗ್ ಆದ ಮೊದಲ ಎರಡು ದಿನ ಗಾಢ ಬಣ್ಣದ ಪದಾರ್ಥ ಬೇಡ ಎಂದು ನಾವು ಹೇಳುತ್ತೇವೆ. ಅರಿಶಿನದ ಸಾರು, ಬಸ್ಸಾರು, ಬೀಟ್‌ರೂಟ್, ನೇರಳೆಹಣ್ಣು, ಕಾಫಿ, ಟೀ ದೂರವಿರಲಿ. ಮೊಸರನ್ನ, ಇಡ್ಲಿ, ಹಾಲು, ಬಾಳೆಹಣ್ಣು, ತೆಂಗಿನಕಾಯಿ ಚಟ್ನಿಯಲ್ಲಿ ಎರಡು ದಿನ ಕಳೆಯುವುದು ಕಷ್ಟವಲ್ಲ. ಕಾಫಿ ಬಿಟ್ಟಿರಲು ಆಗದವರು ಕುಡಿದ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಲಿ. ಎಲೆ ಅಡಿಕೆ, ಬೀಡಿ ಬಿಡದವರು ಬ್ಲೀಚಿಂಗ್‌ಗೆ ಹಣ ಹಾಕುವುದೇ ಬೇಡ, ಕೆಲವೇ ತಿಂಗಳಲ್ಲಿ ಬಣ್ಣ ಮರಳುತ್ತದೆ.

ಎಷ್ಟು ಚೆನ್ನಾಗಿ ನೋಡಿಕೊಂಡರೂ ಬಿಳುಪು ಶಾಶ್ವತವಲ್ಲ. ಒಂದೆರಡು ವರ್ಷದಲ್ಲಿ ಸ್ವಲ್ಪ ಮಾಸುತ್ತದೆ. ಟ್ರೇ ಇದ್ದವರು ಹೊಸದಾಗಿ ಏನೂ ಮಾಡಿಸಬೇಕಿಲ್ಲ: ಕ್ಲೀನಿಂಗ್ ಮಾಡಿಸಿ, ವೈದ್ಯರನ್ನು ಕೇಳಿ ಒಂದು ಸಿರಿಂಜ್ ಜೆಲ್ ತಂದು, ಕೆಲವು ರಾತ್ರಿ ಹಾಕಿಕೊಂಡರೆ ಸಾಕು. ಟ್ರೇಯನ್ನು ಬಿಸಿನೀರಿನಲ್ಲಿ ತೊಳೆದರೆ ಸೊಟ್ಟಗಾಗುತ್ತದೆ, ತಣ್ಣೀರಿನಲ್ಲಿ ತೊಳೆದು ಒರೆಸಿ ಡಬ್ಬಿಯಲ್ಲಿಡಿ. ಉಳಿದ ಜೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ಫ್ರಿಜ್‌ನಲ್ಲಿಡಿ, ಬಳಸುವ ಮೊದಲು ಸಿರಿಂಜ್ ಮೇಲಿನ ಅವಧಿ ಮುಗಿಯುವ ದಿನಾಂಕ ನೋಡಿ. ಹಳೆಯದಾದ ಪೆರಾಕ್ಸೈಡ್ ಶಕ್ತಿ ಕಳೆದುಕೊಂಡಿರುತ್ತದೆ.